ಹತ್ತು ಕೋಟಿಗೆ ಹನ್ನೊಂದು ಕಡಿಮೆ

ನಮ್ಮ ಗಣಿತದ ಮೇಷ್ಟ್ರು ನನ್ನನ್ನು ಹೆಸರು ಹಿಡಿದು ಕರೆದ ನೆನಪು ನನಗಿಲ್ಲ. ಒಂಬತ್ತನೇ ತರಗತಿಯ ಮೊದಲ ವಾರದಲ್ಲೇ ಅವರು ನನಗೆ 941 ಎಂಬ ಸಂಖ್ಯೆ ಕೊಟ್ಟರು. ಅವತ್ತಿನಿಂದ ಅವರ ಬಾಯಲ್ಲಿ ನಾನು ಒಂಬೈನೂರ ನಲವತ್ತೊಂದು. ನನ್ನ ಮದುವೆಯಲ್ಲಿ ಅಕ್ಷತೆ ಹಾಕುವಾಗಲೂ ಹಾಗೇ ಕರೆದರು. ಪಕ್ಕದಲ್ಲಿದ್ದ ನನ್ನ ಗಂಡ, ಇದೇನು ಜೈಲಿನ ನಂಬರೇ ಎಂಬಂತೆ ನನ್ನ ಮುಖ ನೋಡಿದ. ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಯಿತು. ಅವರ ಬಗ್ಗೆ ಒಳ್ಳೆಯ ಮಾತು ಬರೆಯುವವರು ಸಿರುಗುಪ್ಪದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವ ಕಾರಣ ಬೇರೆ. ಆ 941ರ ಲೆಕ್ಕದಲ್ಲಿ ಒಂದು ತಪ್ಪಿತ್ತು. ಅದು ಗೊತ್ತಾದ ಮೇಲೂ ಹನ್ನೆರಡು ವರ್ಷ ಅವರಿಗೆ ಹೇಳದೆ ಬಾಯಿ ಮುಚ್ಚಿಕೊಂಡಿದ್ದವಳು ನಾನು.

ಸಿರುಗುಪ್ಪದ ಆ ಶಾಲೆ ಅನುದಾನಿತ ಶಾಲೆ, ವರ್ಗಾವಣೆಯ ಕಾಟವಿಲ್ಲ. ಹಾಗಾಗಿ ಮೇಷ್ಟ್ರು ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೂ ಅಲ್ಲೇ ಉಳಿದರು. ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ದಿನಾ ಬಸ್ಸಿನ ಓಡಾಟ. ಉದ್ದನೆಯ ಒಣಕಲು ಮನುಷ್ಯ. ಅಂಗಿಯ ಜೇಬಿನ ತುಂಬ ಚಾಕ್‌ಪೀಸಿನ ತುಂಡುಗಳು. ಕಂಡಕ್ಟರ್ ಕೊಟ್ಟ ಟಿಕೆಟ್ಟಿನ ನಂಬರು ನೋಡಿ, "ಇದು ಹದಿಮೂರರಿಂದ ಒಡೀತೈತಿ ನೋಡ್ರಿ" ಎಂದು ಪಕ್ಕದವರಿಗೆ ತೋರಿಸುವುದು ಅವರ ಚಾಳಿ. ಪಕ್ಕದವರು ಮುಂದಿನ ಸ್ಟಾಪಿನಲ್ಲಿ ಬೇರೆ ಸೀಟು ಹುಡುಕಿಕೊಳ್ಳುತ್ತಿದ್ದರು. ಸಂಜೆ ನಾಲ್ಕು ಜನ ಮೇಷ್ಟ್ರುಗಳು ಒಗ್ಗರಣೆ ಮಂಡಕ್ಕಿ ತಿನ್ನಲು ಹೋದರೆ ಇವರು ಬೇಕೆಂತಲೇ ಏಳು ಮಿರ್ಚಿ ಬಜ್ಜಿ ಹೇಳುತ್ತಿದ್ದರು. ತಲೆಗೊಂದರಂತೆ ಹೋಗಿ ಉಳಿದ ಮೂರು ಯಾರಿಗೆ ಎಂದು ಉಳಿದವರು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಅದರಲ್ಲೊಂದು ಇವರ ಬಾಯಿ ಸೇರಿರುತ್ತಿತ್ತು.

ತರಗತಿಯಲ್ಲಿ ಮಾತ್ರ ಈ ತಮಾಷೆಯ ಮನುಷ್ಯ ಬೇರೆಯೇ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸಿಟ್ಟು ಬಂದರೆ ಕಿಟಕಿಯ ಕಡೆ ಮುಖ ಮಾಡಿ ತೆಲುಗಿನಲ್ಲಿ ಎಣಿಸಲು ಶುರುಮಾಡುತ್ತಿದ್ದರು. ಒಕಟಿ, ರೆಂಡು, ಮೂಡು. ಐದಕ್ಕೆ ಬರುವಷ್ಟರಲ್ಲಿ ಉತ್ತರ ಬೋರ್ಡಿನ ಮೇಲೆ ಇರಬೇಕು. ಐದು ಮುಗಿದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಅಲ್ಲಿಯತನಕ ಬಿಡುತ್ತಿರಲಿಲ್ಲ.

ಒಂಬತ್ತನೇ ತರಗತಿಗೆ ಬಂದ ಮೊದಲ ದಿನ ಅವರು ಬೋರ್ಡಿನ ಮೇಲೆ 99999989 ಎಂದು ಬರೆದು, ಕೈಗೆ ಅಂಟಿದ ಪುಡಿ ಕೊಡವಿ, ನಮ್ಮ ಕಡೆ ತಿರುಗಿದರು.

"ಇದು ಹತ್ತು ಕೋಟಿಗೆ ಹನ್ನೊಂದು ಕಡಿಮಿ. ಹನ್ನೊಂದ ಯಾಕ? ಹತ್ತು ಕೋಟಿಗೆ ಒಂದು ಕಡಿಮಿ ತಗೋರಿ, ಒಡೀತೈತಿ. ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ಹತ್ತು ಸಾವಿರದ ಒಂದು, ಎರಡೂ ಗುಣಿಸಿದ್ರ ಬಂತು. ಮೂರು ಕಡಿಮಿ, ಒಡೀತೈತಿ. ಐದು ಕಡಿಮಿ ಅಂದ್ರ ಕೊನಿಗೆ ಐದು ಬರ್ತೈತಿ, ಕೇಳೂದ ಬ್ಯಾಡ. ಏಳು ಕಡಿಮಿ, ಮೂರರಿಂದ ಹೋಗ್ತೈತಿ. ಒಂಬತ್ತು ಕಡಿಮಿ, ಮತ್ತ ಒಡೀತೈತಿ. ಹನ್ನೊಂದು ಕಳದ್ರ ಮಾತ್ರ ಜಪ್ಪಯ್ಯ ಅಂದ್ರೂ ಒಡ್ಯಂಗಿಲ್ಲ. ಎಂಟು ಅಂಕಿ ಸಂಖ್ಯಾದಾಗ ಇದs ಕಟ್ಟಕಡೀ ಅವಿಭಾಜ್ಯ. ಹಂಗಂತ ಪುಸ್ತಕ ಹೇಳ್ತೈತಿ. ನಾವು ನೋಡೀವೇನು?"

ನೋಡಲು ಒಂದು ದಾರಿ ಅವರೇ ಕಂಡುಕೊಂಡಿದ್ದರು. ಆ ಸಂಖ್ಯೆಯನ್ನು ಎಲ್ಲದರಿಂದಲೂ ಭಾಗಿಸಬೇಕಿಲ್ಲ. ಅದು ಎರಡು ತುಂಡಾಗುವುದಾದರೆ ಒಂದು ತುಂಡಾದರೂ ಹತ್ತು ಸಾವಿರಕ್ಕಿಂತ ಚಿಕ್ಕದಿರಲೇಬೇಕು. ಹಾಗಾಗಿ ಹತ್ತು ಸಾವಿರದೊಳಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಅಂಥವು ಒಟ್ಟು 1229 ಇವೆ. ಒಂದು ಮಗುವಿಗೆ ಒಂದು ಭಾಜಕ. ವರ್ಷಕ್ಕೆ ಮೂವತ್ತೋ ನಲವತ್ತೋ ಮಕ್ಕಳು. ತಮ್ಮ ಇಡೀ ನೌಕರಿಯನ್ನು ಅವರು ಆ ಸಂಖ್ಯೆಗೆ ಹೀಗೆ ಹಂಚಿಬಿಟ್ಟಿದ್ದರು. ಮೊದಲ ವರ್ಷದವರಿಗೆ ಎರಡು, ಮೂರು, ಏಳು ಸಿಕ್ಕಿದ್ದವಂತೆ. ಐದನೇ ವರ್ಷದವರಾದ ನಮ್ಮ ಪಾಲಿಗೆ ಬರುವಷ್ಟರಲ್ಲಿ ಸಾವಿರದ ಹತ್ತಿರ ಬಂದಿತ್ತು.

ಒಬ್ಬೊಬ್ಬರಿಗೆ ಒಂದೊಂದು ಭಾಜಕ ಆದ್ದರಿಂದ ಪಕ್ಕದವರದ್ದು ನೋಡಿ ಬರೆಯುವ ಹಾಗಿರಲಿಲ್ಲ. ಕೈಯಲ್ಲೇ ಮಾಡಬೇಕು. ಮಾಡಿದ್ದನ್ನು ಒಂದು ದಪ್ಪ ಪುಸ್ತಕದ ಒಂದು ಪುಟದಲ್ಲಿ ಸ್ವಚ್ಛವಾಗಿ ಬರೆದು, ಭಾಗಲಬ್ಧ, ಶೇಷ, ಹೆಸರು, ಊರು ಹಾಕಬೇಕು. ಶೇಷ ಸೊನ್ನೆ ಬಂದವರು ಎದ್ದು ನಿಂತು ಹೇಳಬೇಕು. ಅವತ್ತಿಗೆ ಸಂಖ್ಯೆ ಒಡೆದ ಹಾಗೆ, ಪುಸ್ತಕ ಮುಚ್ಚಿದ ಹಾಗೆ. ಪುಸ್ತಕದ ಮೊದಲ ಪುಟದಲ್ಲಿ 'ನಾವೇ ನೋಡಿದ್ದೇವೆ' ಎಂದು ಬರೆದು ಕೆಳಗೆ ಜಾಗ ಬಿಟ್ಟಿದ್ದರು. 1229 ಪುಟ ಮುಗಿದ ದಿನ ಅಲ್ಲಿ ಅವರ ಸಹಿ.

ಪುಟಗಳನ್ನು ಅವರು ಒಂಬತ್ತರ ತಾಳೆ ಹಾಕಿ ನೋಡುತ್ತಿದ್ದರು. ಅಂಕಿಗಳನ್ನು ಕೂಡುತ್ತಾ ಕೂಡುತ್ತಾ ಒಂದೇ ಅಂಕಿಗೆ ಇಳಿಸುವುದು, ಭಾಜಕ ಭಾಗಲಬ್ಧಗಳ ಅಂಕಿಗಳನ್ನು ಗುಣಿಸಿ ಶೇಷದ್ದನ್ನು ಕೂಡಿಸಿದರೆ ಮೂಲ ಸಂಖ್ಯೆಯ ಅಂಕಿ ಬರಬೇಕು. ನಮ್ಮ ಸಂಖ್ಯೆಗೆ ಅದು ಎಂಟು. ಎಂಟು ಬಂದರೆ ಕೆಂಪು ಪೆನ್ನಿನ ಗುರುತು. ಒಮ್ಮೆ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ಇದೆಲ್ಲ ಪಠ್ಯದಲ್ಲಿ ಎಲ್ಲಿದೆ ಎಂದು ದಬಾಯಿಸಿದರು. ಮೇಷ್ಟ್ರು ಅವರ ಕೈಗೆ ಒಂದು ಭಾಜಕ ಕೊಟ್ಟು ಹಿಂದಿನ ಬೆಂಚು ತೋರಿಸಿದರು. ಅರ್ಧ ಗಂಟೆ ಬೆವರು ಒರೆಸಿಕೊಂಡು ಅಧಿಕಾರಿ ತಂದ ಉತ್ತರಕ್ಕೆ ತಾಳೆ ಹಾಕಿದರೆ ಮೂರು ಬಂತು. "ಇರ್ಲಿ ಬಿಡ್ರಿ, ಮುಂದಿನ ಸಲ ಬಂದಾಗ ನೋಡೋಣು" ಎಂದರು ಮೇಷ್ಟ್ರು. ಅಧಿಕಾರಿ ಮತ್ತೆ ಬರಲಿಲ್ಲ.

ಈಚೆಗಿನ ಒಂದು ಬ್ಯಾಚಿನ ಹುಡುಗಿ, ಫೋನಿನಲ್ಲಿ ಹಾಕಿ ನೋಡಿದೆ, ಒಂದು ಸೆಕೆಂಡಿನಲ್ಲಿ ಅವಿಭಾಜ್ಯ ಅಂತ ಹೇಳಿತು, ಇನ್ನು ಈ ಕಷ್ಟ ಯಾಕೆ ಅಂದಳಂತೆ. ಮೇಷ್ಟ್ರು ಅಂದರಂತೆ: "ಫೋನು ನೋಡೇತಿ, ಒಪ್ಪಿದೆ. ನೀ ನೋಡಿಯೇನು?"

ನನ್ನ ಸರದಿಯ ದಿನ ನೆನಪಿದೆ. ಮನೆಯ ಕಟ್ಟೆಯ ಮೇಲೆ ಕೂತು ಭಾಗಿಸುತ್ತಿದ್ದೆ. ಏಳನೆಯ ಅಂಕಿ ಇಳಿಸಿಕೊಂಡಾಗ 6587 ಬಂತು. 941ನ್ನು ಏಳರಿಂದ ಗುಣಿಸಿದರೂ 6587. ಕಳೆದರೆ ಸೊನ್ನೆ. ಮೇಷ್ಟ್ರ ಸಂಖ್ಯೆ ನನ್ನ ಕೈಯಲ್ಲಿ ಒಡೆಯಿತು, ನಾಳೆ ಎದ್ದು ನಿಂತು ಹೇಳಬೇಕು ಎಂದು ಹೆದರಿದೆ. ಆಮೇಲೆ ನೋಡಿದರೆ ಮೂಲ ಸಂಖ್ಯೆಯ ಕೊನೆಯ ಒಂಬತ್ತು ಇನ್ನೂ ಇಳಿಯುವುದು ಬಾಕಿ ಇತ್ತು. ಇಳಿಸಿದೆ. ಭಾಗಲಬ್ಧ 106270, ಶೇಷ ಒಂಬತ್ತು. ತಾಳೆ ಹಾಕಿದರೆ ಎಂಟು. ಅಬ್ಬಾ ಎನಿಸಿತು.

ಇದನ್ನು ಹೇಳಿದಾಗ ಮೇಷ್ಟ್ರ ಮುಖ ಹೇಗೆ ಅರಳಿತೆಂದರೆ, ಅಷ್ಟು ಹಲ್ಲು ಅವರಿಗಿವೆ ಎಂದು ನಮಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ಮುಂದೆ ಪ್ರತಿವರ್ಷ ಹೊಸ ಮಕ್ಕಳಿಗೆ ಅವರು ಮೊದಲು ಹೇಳುತ್ತಿದ್ದದ್ದು ಇದೇ ಕತೆ. ಏಳು ಅಂಕಿವರೆಗೂ ಪೂರ್ತಿ ಹೋಗಿ, ಕೊನೆಯ ಒಂದು ಅಂಕಿಯಲ್ಲಿ, ಒಂಬತ್ತರ ಅಂತರದಲ್ಲಿ ಸಂಖ್ಯೆ ಪಾರಾಯಿತು, ಆ ಹುಡುಗಿ ಹೆದರಿದರೂ ಪೆನ್ನು ಕೆಳಗಿಡಲಿಲ್ಲ ಎಂದು. ಸಿರುಗುಪ್ಪದ ಬಜಾರಿನಲ್ಲಿ ಗುರುತಿಲ್ಲದ ಮಕ್ಕಳು ನನ್ನನ್ನು ನೋಡಿ "ಒಂಬತ್ತು ಉಳಿಸಿದ ಅಕ್ಕ" ಎನ್ನುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ.

ಮದುವೆಯಾಗಿ ಬಳ್ಳಾರಿಗೆ ಬಂದೆ. ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಜೀನ್ಸ್ ಬಟ್ಟೆ ಕತ್ತರಿಸುವ ಕೆಲಸ ನನ್ನದು. ನೂರು ಪದರ ಬಟ್ಟೆ ಹಾಸಿ, ಮೇಲಿನ ಪದರಕ್ಕೆ ಗುರುತು ಹಾಕಿ, ಒಂದೇ ಸಲ ಮಷಿನ್ ಓಡಿಸುವುದು. ಗುರುತು ಅರ್ಧ ಇಂಚು ತಪ್ಪಿದರೆ ನೂರು ಪ್ಯಾಂಟು ಹಾಳು. ಒಂದು ಮಧ್ಯಾಹ್ನ ಕರೆಂಟು ಹೋಗಿ ಕೈಕಟ್ಟಿ ಕೂತಿದ್ದೆವು. ಜೊತೆಯ ಹೆಂಗಸರ ಮುಂದೆ ನನ್ನ ಪ್ರತಾಪ ತೋರಿಸೋಣವೆಂದು ಫೋನಿನಲ್ಲಿ 941 ಗುಣಿಸು 106270, ಕೂಡಿಸು 9 ಎಂದು ಒತ್ತಿದೆ. 100000079 ಬಂತು. ಹತ್ತು ಕೋಟಿಯನ್ನೇ ದಾಟಿ ಹೋಗಿತ್ತು.

ಮತ್ತೆ ಒತ್ತಿದೆ, ಅದೇ ಬಂತು. ಅಳತೆ ತೆಗೆಯುವ ಖಾಕಿ ಕಾಗದದ ಮೇಲೆ ಮೊದಲಿಂದ ಭಾಗಿಸಿದೆ. ಏಳನೆಯ ಅಂಕಿ ಇಳಿಸಿಕೊಂಡಾಗ 6578 ಬರಬೇಕಿತ್ತು. ನಾನು ಏಳು ಎಂಟನ್ನು ಅದಲುಬದಲು ಮಾಡಿ 6587 ಎಂದು ಬರೆದುಕೊಂಡಿದ್ದೆ. ಅಂಕಿ ಅದಲುಬದಲಾದರೆ ಅವುಗಳ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ಒಂಬತ್ತರ ತಾಳೆಗೂ ಅದು ಸಿಕ್ಕಿರಲಿಲ್ಲ. ನಿಜವಾದ ಶೇಷ 860. ಸಂಖ್ಯೆ ಒಡೆಯಲಿಲ್ಲ ಎನ್ನುವುದೇನೋ ಸರಿಯೇ. ಆದರೆ ಸೊನ್ನೆ ಬರಲಿಲ್ಲ, ಒಂಬತ್ತರ ಅಂತರದಲ್ಲಿ ಏನೂ ಪಾರಾಗಲಿಲ್ಲ, ಮೇಷ್ಟ್ರು ಅಷ್ಟು ವರ್ಷ ಹೇಳಿಕೊಂಡು ಬಂದ ಕತೆ ನಡೆದೇ ಇರಲಿಲ್ಲ.

ಮರುದಿನ ಹೋಗಿ ಹೇಳುತ್ತೇನೆ ಅಂದುಕೊಂಡೆ. ಆ ಭಾನುವಾರ ಅಂದುಕೊಂಡೆ. ಮುಂದಿನ ವಾರ ಅವರೇ ಮಾರ್ಕೆಟ್ಟಿನಲ್ಲಿ ಸಿಕ್ಕಿ, ಜೊತೆಗಿದ್ದವರಿಗೆ "ಇಕೀನ ನೋಡ್ರಿ ನಮ್ಮ ಒಂಬೈನೂರ ನಲವತ್ತೊಂದು" ಎಂದು ಪರಿಚಯ ಮಾಡಿಕೊಟ್ಟರು. ನಾನು ಎಲ್ಲರಿಗೂ ಕೈಮುಗಿದು ಮನೆಗೆ ಬಂದೆ. ಶೇಷ ಒಂಬತ್ತಾದರೇನು, ಎಂಟುನೂರಾದರೇನು, ಸಂಖ್ಯೆಯಂತೂ ಗಟ್ಟಿಯಾಗಿದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಕತೆ ಹೋದರೆ ನಾನು ಯಾರೂ ಅಲ್ಲ ಎಂಬ ಭಯ ಅದು. ಹೀಗೇ ಹನ್ನೆರಡು ವರ್ಷ ಹೋಯಿತು.

ನಿವೃತ್ತಿಯ ಸಮಾರಂಭಕ್ಕೆ ಎರಡು ದಿನ ಮುಂಚೆ ದೊಡ್ಡಬಸಪ್ಪ ಫೋನ್ ಮಾಡಿದ. ನನ್ನ ಸಹಪಾಠಿ, ಮೇಷ್ಟ್ರ ಲೆಕ್ಕದಲ್ಲಿ 947. ಈಗ ಕುರುಗೋಡಿನಲ್ಲಿ ಕಲ್ಲು ಕೆತ್ತಿಸುವ ಕಾರ್ಖಾನೆ ಇಟ್ಟಿದ್ದಾನೆ. ಶಾಲೆಯ ಅಂಗಳದಲ್ಲಿ ನಿಲ್ಲಿಸಲು ಕಪ್ಪು ಕಲ್ಲಿನಲ್ಲಿ ಸಂಖ್ಯೆ ಕೆತ್ತಿಸಿದ್ದೇನೆ, ಅದರ ಕೆಳಗೆ ನಿನ್ನದೂ ಒಂದು ಸಾಲು ಹಾಕಿಸುತ್ತಿದ್ದೇನೆ, 'ಭಾಜಕ 941, ಶೇಷ 9' ಎಂದ. ನಾನು ಕೆಲಸ ಬಿಟ್ಟು ಬಸ್ಸು ಹತ್ತಿದೆ. ಹೋಗುವಷ್ಟರಲ್ಲಿ ಕೆಲಸದವನು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಆ ಸಾಲನ್ನು ಬರೆದು ಉಳಿ ಕೈಗೆತ್ತಿಕೊಂಡಿದ್ದ.

"ನಿಲ್ಲಸಪ್ಪಾ" ಎಂದು ಕೂಗಿದೆ. ದೊಡ್ಡಬಸಪ್ಪ ಓಡಿ ಬಂದ. ಕಲ್ಲಿನ ಪುಡಿಯ ನಡುವೆ ನಿಂತು ಅವನಿಗೆ ಎಲ್ಲ ಹೇಳಿದೆ. ಅವನ ಮುಖ ಕೆಂಪಾಯಿತು.

"ನಾಡ್ದು ಫಂಕ್ಷನ್ ಇಟ್ಕೊಂಡು ಈಗ ಹೇಳ್ತೀಯೇನಲೇ? ಇಷ್ಟು ದಿನ ಬಾಯಾಗ ಏನಿತ್ತು ನಿನಗ?"

"ಹೆದರಿಕಿ ಇತ್ತಪ್ಪಾ."

"ಮತ್ತ ಈಗೂ ಹೆದರ್ಕೊಂಡs ಇರು. ಈ ಸಾಲು ನಾ ಕೆತ್ತಸಂಗಿಲ್ಲ, ಮುಗೀತು. ಸರ್ ಖುಷಿಯಿಂದ ಸಹಿ ಹಾಕಿ ಮನಿಗೆ ಹೋಗ್ಲಿ. ಸಂಖ್ಯಾ ಏನು ಒಡದೈತೇನು?"

"ಒಡದಿಲ್ಲ. ಆದ್ರ ಸರ್ ಸಹಿ ಹಾಕೋದು ನಾವs ನೋಡೀವಿ ಅಂತ. ನಾ ನೋಡಿಲ್ಲಲ್ಲ."

ಅವನು ಒದ್ದೆ ಬಟ್ಟೆ ತಗೊಂಡು ಆ ಸೀಮೆಸುಣ್ಣದ ಸಾಲನ್ನು ತಾನೇ ಒರೆಸಿದ. ನಾನು ಸಮಾರಂಭದಲ್ಲಿ ಏನು ಮಾಡುತ್ತೇನೆಂದು ಅವನೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬೆಳಗಿನ ಹನ್ನೊಂದರ ಬಿಸಿಲು. ಹಳೆಯ ವಿದ್ಯಾರ್ಥಿಗಳು ಎದೆಗೆ ತಮ್ಮ ತಮ್ಮ ಭಾಜಕದ ಚೀಟಿ ಅಂಟಿಸಿಕೊಂಡು ಕೂತಿದ್ದರು. ವೇದಿಕೆಯ ಮೇಲೆ ಬೋರ್ಡು, ಮೇಜಿನ ಮೇಲೆ ಪುಸ್ತಕ, ಮೊದಲ ಪುಟ ತೆರೆದಿತ್ತು, ಪಕ್ಕದಲ್ಲಿ ಪೆನ್ನು. ಕೊನೆಯ ಭಾಜಕ 9973 ಸಿಕ್ಕಿದ್ದ ಹುಡುಗಿ ಎಲ್ಲರೆದುರು ಭಾಗಿಸಿ ಶೇಷ 718 ಎಂದು ಬರೆದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಸಹಿ ಹಾಕುವ ಮುಂಚೆ ಒಂದು ಕತೆ ಹೇಳಬೇಕು ಎಂದು ಮೈಕಿನ ಮುಂದೆ ಬಂದರು. ಯಾವ ಕತೆ ಎಂದು ಇಡೀ ಶಾಮಿಯಾನಕ್ಕೆ ಗೊತ್ತಿತ್ತು.

"ಬಾರವ್ವಾ ಒಂಬೈನೂರ ನಲವತ್ತೊಂದು. ನೀನs ಹೇಳು ಇವತ್ತು."

ವೇದಿಕೆಯ ಮೂರು ಮೆಟ್ಟಿಲು ಹತ್ತಿದೆ. ಮೈಕ್ ಕೈಗೆ ಕೊಟ್ಟರು. ಕೆಳಗೆ ದೊಡ್ಡಬಸಪ್ಪ ಬೇಡ ಎಂಬಂತೆ ತಲೆ ಆಡಿಸುತ್ತಿದ್ದ.

"ಸರ್, ಶೇಷ ಒಂಬತ್ತಲ್ರಿ" ಎಂದೆ.

"ಏನಂದಿ?"

"ಎಂಟುನೂರ ಅರವತ್ತರಿ. ನಾ ಅಂಕಿ ಅದಲಬದಲ ಮಾಡಿದ್ದೆ."

ಯಾರೋ ನಕ್ಕರು. ತಮಾಷೆ ಎಂದುಕೊಂಡಿರಬೇಕು. ಮೇಷ್ಟ್ರು ನಗಲಿಲ್ಲ. ಜೇಬಿನಿಂದ ಚಾಕ್‌ಪೀಸು ತೆಗೆದು ನನ್ನ ಕೈಗಿಟ್ಟು ಬೋರ್ಡು ತೋರಿಸಿದರು. ನಲವತ್ತು ದಾಟಿದ ಹೆಂಗಸು ನಾನು, ಒಂಬತ್ತನೇ ತರಗತಿಯ ಹುಡುಗಿಯ ಹಾಗೆ ಬೋರ್ಡಿನ ಮುಂದೆ ನಿಂತು ಭಾಗಿಸಿದೆ. 6578 ಎಂದು ಬರೆಯುವಾಗ ಚಾಕ್ ಮುರಿಯಿತು. ತುಂಡಿನಲ್ಲೇ ಮುಂದುವರಿಸಿದೆ. 106269, ಶೇಷ 860.

ಮೇಷ್ಟ್ರು ಪುಸ್ತಕದಲ್ಲಿ ನನ್ನ ಪುಟ ಹುಡುಕಿ ತೆಗೆದರು. ಅಲ್ಲಿ ಅವರದೇ ಕೆಂಪು ಗುರುತಿತ್ತು. ಬೆರಳು ಮಡಚುತ್ತಾ ತಾಳೆ ಹಾಕಿದರು, ಎಂಟು. ಬೋರ್ಡಿನ ಮೇಲಿನದಕ್ಕೆ ಹಾಕಿದರು, ಅದೂ ಎಂಟು. ಆಮೇಲೆ, ಯಾರಿಗೂ ಅಲ್ಲ ಎಂಬಂತೆ ಅಂದರು:

"ಅದಲುಬದಲಾದ್ರ ಈ ತಾಳೆಗೆ ಸಿಗಂಗಿಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಸಾಕು ಅಂದ್ಕೊಂಡೆ." ನನ್ನ ಕಡೆ ತಿರುಗಿದರು. "ನಿನಗ ಯಾವಾಗ ಗೊತ್ತಾತು?"

ಇವತ್ತೇ ಗೊತ್ತಾಯಿತು ಎನ್ನಬಹುದಿತ್ತು. ಯಾರೂ ಅಲ್ಲಗಳೆಯುತ್ತಿರಲಿಲ್ಲ.

"ಹನ್ನೆರಡು ವರ್ಷಾತ್ರಿ ಸರ್."

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಪುಸ್ತಕ ಮುಚ್ಚಿದರು. ಒಂದು ಪುಟ ಹೀಗೆ ನುಸುಳಿದ್ದರೆ ಉಳಿದವುಗಳಲ್ಲಿ ಎಷ್ಟು ನುಸುಳಿವೆಯೋ ಗೊತ್ತಿಲ್ಲ, ಎಲ್ಲ ಪುಟ ಮತ್ತೆ ನೋಡದೆ ಸಹಿ ಹಾಕುವುದಿಲ್ಲ ಎಂದು ಮೈಕಿನಲ್ಲಿ ಹೇಳಿ ಕೆಳಗಿಳಿದರು. ಹಾರ ಹಿಡಿದು ನಿಂತಿದ್ದವರು ಹಾಗೇ ನಿಂತಿದ್ದರು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಮೇಷ್ಟ್ರ ಜೀವಮಾನದ ಒಂದು ದಿನ ನಾನು ಕೆಡಿಸಿದೆ ಎಂದು ಎಲ್ಲರಿಗೂ ಅನಿಸಿತ್ತು, ನನಗೂ ಅನಿಸಿತ್ತು.

ಮರುದಿನದಿಂದ ಅವರು ಸತ್ಯನಾರಾಯಣಪೇಟೆಯ ಮನೆಯ ಪಡಸಾಲೆಯಲ್ಲಿ ಕೂತು ಎರಡರಿಂದ ಶುರುಮಾಡಿದರು. ಈ ಸಲ ಯಾವ ತಾಳೆಯೂ ಇಲ್ಲ, ಪ್ರತಿಯೊಂದನ್ನೂ ಪೂರ್ತಿ ಭಾಗಿಸಿ, ಪುಟಕ್ಕೆ ಹೋಲಿಸಿ ನೋಡುವುದು. ದಿನಕ್ಕೆ ಮೂರು, ಕಣ್ಣು ಚೆನ್ನಾಗಿದ್ದ ದಿನ ನಾಲ್ಕು. ಪೊರೆ ಬಂದಿತ್ತು, ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಒಂದು ತಿಂಗಳು ಹಾಳಾಗುತ್ತದೆ ಎನ್ನುತ್ತಿದ್ದರು. ನಾನು ಭಾನುವಾರ ಭಾನುವಾರ ಹೋಗುತ್ತಿದ್ದೆ. ಮೊದಲೆರಡು ತಿಂಗಳು ಅವರು ತಲೆ ಎತ್ತಲಿಲ್ಲ, ಅವರ ಹೆಂಡತಿ ಚಹಾ ಕೊಡುತ್ತಿದ್ದರು, ಕುಡಿದು ಬರುತ್ತಿದ್ದೆ. ಆಮೇಲೊಂದು ದಿನ, ಕಣ್ಣು ಮಂಜಾದಾಗ, ಪುಟದಲ್ಲಿನ ಅಂಕಿ ಓದಿ ಹೇಳು ಎಂದರು. ಅಷ್ಟು ಮಾತ್ರ. ಭಾಗಿಸಲು ನನ್ನನ್ನು ಬಿಡಲಿಲ್ಲ.

ಮೂರು ತಪ್ಪು ಸಿಕ್ಕವು, ನನ್ನದು ಬಿಟ್ಟು. ಮೂರೂ ಅದಲುಬದಲಾದ ಅಂಕಿಗಳು. ಮೂವರಿಗೂ ಅವತ್ತೇ ಫೋನ್ ಮಾಡಿ ಮನೆಗೆ ಕರೆಸಿ, ಎದುರು ಕೂರಿಸಿ ಮತ್ತೆ ಭಾಗಿಸಲು ಹಚ್ಚಿದರು. ಅದರಲ್ಲೊಬ್ಬರು ಈಗ ಡಾಕ್ಟರು. ಆಸ್ಪತ್ರೆಯಿಂದ ನೇರ ಬಂದು, ಕುತ್ತಿಗೆಯಲ್ಲಿ ಸ್ಟೆತಸ್ಕೋಪು ಹಾಕಿಕೊಂಡೇ ಭಾಗಿಸಿ ಹೋದರು. ಮೇಷ್ಟ್ರು ಯಾರ ಮೇಲೂ ಸಿಟ್ಟಾಗಲಿಲ್ಲ. ತಪ್ಪು ತಿದ್ದಿದ ಮೇಲೆ ಅವರಿಗೆಲ್ಲ ಬೆಲ್ಲ ಶೇಂಗಾ ಕೊಟ್ಟು ಕಳಿಸುತ್ತಿದ್ದರು. ನನಗೆ ಅಂಥದ್ದೇನೂ ಸಿಗಲಿಲ್ಲ.

ಕೊನೆಯ ದಿನಗಳಲ್ಲಿ ಮಂಚದ ಮೇಲೆ ಒರಗಿಕೊಂಡೇ ಕೆಲಸ ನಡೆದಿತ್ತು. ಒಂದು ಭಾನುವಾರ ಮಧ್ಯಾಹ್ನ ನಾನು ಧೈರ್ಯ ಮಾಡಿ ಕೇಳಿದೆ.

"ಸರ್, ನನ್ನ ಮ್ಯಾಲ ಇನ್ನೂ ಸಿಟ್ಟೈತೇನ್ರಿ?"

ಅವರು ಪೆನ್ನು ಕೆಳಗಿಟ್ಟರು. "ತಪ್ಪು ಮಾಡಿದ್ದಕ್ಕ ಸಿಟ್ಟಿಲ್ಲವ್ವಾ. ಸಣ್ಣಾಕಿ ಇದ್ದಿ. ಗೊತ್ತಾದ ದಿನ ನೀ ಸಾಲಿಗೆ ಬಸ್ ಹತ್ತಬೇಕಿತ್ತು. ಅವಾಗ ನನ್ನ ಕಣ್ಣು ಚಲೋ ಇದ್ವು."

ಅದರ ಮರುವಾರ ಅವರು ಹೋದರು. ಹದಿಮೂರನೆಯ ದಿನದ ಊಟವಾದ ಮೇಲೆ ಅವರ ಹೆಂಡತಿ ಒಳಗಿಂದ ಪುಸ್ತಕ ತಂದು ನನ್ನ ಕೈಗಿಟ್ಟರು. "ನಿನಗs ಕೊಡಬೇಕಂತ ಹೇಳಿದ್ರವ್ವಾ" ಎಂದರು. ಮನೆಗೆ ಬಂದು ಬಿಡಿಸಿ ನೋಡಿದೆ. 9829ರವರೆಗೆ ಅವರ ನಡುಗುವ ಕೈಯ ಗುರುತಿತ್ತು. ಮುಂದೆ ಹದಿನೇಳು ಪುಟ ಬಾಕಿ. ದಿನಕ್ಕೆ ಮೂರು ಅಂದರೂ ಆರು ದಿನದ ಕೆಲಸ. ಹನ್ನೆರಡು ವರ್ಷ ಸುಮ್ಮನಿದ್ದು ನಾನು ಅವರಿಂದ ಕಸಿದುಕೊಂಡದ್ದು ಆ ಆರು ದಿನ. ಆ ಲೆಕ್ಕಕ್ಕೆ ಯಾವ ತಾಳೆಯೂ ಬೇಕಿರಲಿಲ್ಲ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಕೆಲಸದ ಮಧ್ಯೆ ಮಧ್ಯೆ, ನಾನೇ ಶುರುಮಾಡಿದೆ. ಎಂಟು ಪುಟ ಸರಿ ಇದ್ದವು. ಒಂಬತ್ತನೆಯದು 9901. ಕಳೆದ ಶನಿವಾರ ಮಧ್ಯಾಹ್ನ ಅದನ್ನು ಭಾಗಿಸಿದೆ. ನನಗೆ ಶೇಷ 9790 ಬಂತು. ಪುಟದಲ್ಲಿ 9700 ಇತ್ತು. ಮೂರು ಸಲ ಮಾಡಿದೆ. 98998 ಇರಬೇಕಾದ ಕಡೆ ಹುಡುಗಿ 98989 ಎಂದು ಬರೆದುಕೊಂಡಿದ್ದಳು. ಕೆಳಗೆ ಹೆಸರಿನ ಮುಂದೆ ಊರು ಮೋಕ ಎಂದಿತ್ತು. ಕೊನೆಯ ಬ್ಯಾಚಿನವಳು, ಸಿರುಗುಪ್ಪದಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವಳು. ಮೇಜಿನ ಮೇಲೆ ಹಾಸಿದ ಬಟ್ಟೆ ಹಾಗೇ ಇತ್ತು, ಗುರುತು ಅರ್ಧ ಹಾಕಿತ್ತು. ಸೋಮವಾರ ಹೋದರಾಯಿತು ಎಂಬ ಮಾತು ಬಾಯಿಗೆ ಬಂದದ್ದೂ ನಿಜ. ಪುಸ್ತಕ ಚೀಲಕ್ಕೆ ಹಾಕಿಕೊಂಡು ಸ್ಟ್ಯಾಂಡಿಗೆ ನಡೆದೆ. ಮೋಕದ ಬಸ್ಸು ಹೊರಡುವುದರಲ್ಲಿತ್ತು, ಓಡಿ ಹತ್ತಿದೆ.

ಹುಡುಗಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಪುಸ್ತಕ ನೋಡಿದ ಕೂಡಲೇ ಎದ್ದು ನಿಂತಳು. ಪುಟ ತೆರೆದು ತೋರಿಸಿದೆ. ಎಲ್ಲಿ ತಪ್ಪಿದೆ ಎಂದು ಹೇಳಲಿಲ್ಲ, ತಪ್ಪಿದೆ ಎಂದಷ್ಟೇ ಹೇಳಿದೆ. ಅವಳ ತುಟಿ ಬಿಳಿಚಿಕೊಂಡಿತು.

"ಸರ್‌ಗೆ ಗೊತ್ತಾಗಿತ್ತೇನ್ರಿ ಅಕ್ಕಾ?"

"ಇಲ್ಲವ್ವಾ. ಅಲ್ಲಿತನಕ ಬರಲಿಲ್ಲ ಅವರು. ಕೈ ತೊಳಕೊಂಡು ಬಾ, ಕೂಡು."

ಅವಳು ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು, ಕಟ್ಟೆಯ ಮೇಲೆ ಕೂತು ಬರೆಯತೊಡಗಿದಳು. ಅವಳ ತಾಯಿ ಚೊಂಬಿನಲ್ಲಿ ನೀರು ತಂದಿಟ್ಟು, ಯಾವುದೋ ಸರ್ಕಾರಿ ಕೆಲಸ ಇರಬೇಕೆಂದು ದೂರ ನಿಂತರು. 98998 ಬಂದ ಕಡೆ ಹುಡುಗಿಯ ಪೆನ್ನು ನಿಂತಿತು. ಬೆರಳಿಟ್ಟು ಒಂದೊಂದೇ ಅಂಕಿ ನೋಡಿ ಬರೆದಳು. ಶೇಷ 9790 ಎಂದು ಬರೆದು ಕೆಳಗೆ ಹೆಸರು ಹಾಕಿದಳು.

"ಸರಿ ಐತಿ" ಎಂದೆ.

ಅವಳ ಮುಖಕ್ಕೆ ಜೀವ ಬಂತು. "ಇಷ್ಟಕ್ಕ ಬಳ್ಳಾರಿಯಿಂದ ಯಾಕ ಬರಾಕ ಹೋದ್ರಿ ಅಕ್ಕಾ? ನಮ್ಮ ಮನಿಗೆ ಒಂದು ಫೋನ್ ಮಾಡಿದ್ರ ನಾನs ಬರ್ತಿದ್ನೆಲ್ಲ. ಇವತ್ತs ಬರಬೇಕಿತ್ತೇನು?"

ಉತ್ತರ ಹೇಳಲು ಬಾಯಿ ತೆರೆದೆ. ಮೇಷ್ಟ್ರು ಹೋದ ದಿನವೂ ಬಾರದಿದ್ದ ಅಳು ಆ ಗುರುತಿಲ್ಲದವರ ಕಟ್ಟೆಯ ಮೇಲೆ ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲಲಿಲ್ಲ. ತಾಯಿ ಓಡಿ ಬಂದು ನನ್ನ ಭುಜ ಹಿಡಿದುಕೊಂಡರು. ಹುಡುಗಿ ಗಾಬರಿಯಿಂದ ನನ್ನ ಮುಖವನ್ನೊಮ್ಮೆ, ತಾನು ಬರೆದದ್ದನ್ನೊಮ್ಮೆ ನೋಡಿದಳು. ತನ್ನ ಉತ್ತರ ಮತ್ತೆ ತಪ್ಪಿದೆ ಎಂದುಕೊಂಡಳೋ ಏನೋ, ಹೊಸ ಹಾಳೆ ತೆಗೆದು, ಮೊದಲಿಂದ ಭಾಗಿಸತೊಡಗಿದಳು.